ಮೆಟ್‌ಫಾರ್ಮಿನ್ನಿನ ಪೂರ್ವೋತ್ತರ

2025ನೆಯ ಇಸವಿಯಲ್ಲಿ ಅಮೆರಿಕದ ವೃದ್ಧಾಪ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ ಒಂದು ಲೇಖನವು ಪ್ರಕಟವಾಯಿತು. ಮುಟ್ಟು ನಿಂತ ವಯಸ್ಸನ್ನು ದಾಟಿ, ಅರುವತ್ತನ್ನೂ ಮೀರಿ, ಮಧುಮೇಹಕ್ಕೆ ಚಿಕಿತ್ಸೆಯನ್ನು ಪಡೆಯುತ್ತಿದ್ದ 438 ಮಂದಿ ಸ್ತ್ರೀಯರ ವೃತ್ತಾಂತವನ್ನು ಸುಮಾರು ಹದಿನಾಲ್ಕು ಹದಿನೈದು ವರ್ಷಗಳ ಕಾಲ ಹಿಂಬಾಲಿಸಿ ಬರೆದ ಲೇಖನವದು. ಇವರಲ್ಲಿ ಕೆಲವರು ಮೆಟ್‌ಫಾರ್ಮಿನ್ ಎಂಬ ಗುಳಿಗೆಯಿಂದ ಚಿಕಿತ್ಸೆಯನ್ನು ಆರಂಭಿಸಿದ್ದರು. ಉಳಿದವರು ಸಲ್ಫೊನೈಲ್‌ಯೂರಿಯ ಎಂಬ ಬೇರೊಂದು ವರ್ಗದ ಗುಳಿಗೆಗಳಿಂದ ಆರಂಭಿಸಿದ್ದರು. ತೊಂಬತ್ತು ವರ್ಷ ತುಂಬುವ ಮೊದಲೇ ಮರಣ ಹೊಂದುವ ಸಂಭವವು ಮೊದಲನೆಯ ಪಂಗಡದವರಲ್ಲಿ ಎರಡನೆಯವರಿಗಿಂತ ನೂರಕ್ಕೆ 30ರಷ್ಟು ಕಡಮೆಯಾಗಿ ಕಂಡುಬಂದಿತು. ಈ ವಾರ್ತೆಯು ಲೇಖನದ ಪುಟಗಳನ್ನು ಬಿಟ್ಟು ಹೊರಗೆ ಬಂದಾಗ ಅದರ ರೂಪವು ಸ್ವಲ್ಪ ಬದಲಾಗಿತ್ತು. ಮಧುಮೇಹದ ಅಗ್ಗದ ಗುಳಿಗೆಯೊಂದು ಸ್ತ್ರೀಯರಿಗೆ ದೀರ್ಘಾಯುಸ್ಸನ್ನು ಕೊಡುತ್ತದೆಯಂತೆ ಎಂಬ ಮಾತು ಊರೂರಿಗೂ ಹರಡಿತು. ಹಾಗಿದ್ದಲ್ಲಿ ಮಧುಮೇಹವಿಲ್ಲದ ಐವತ್ತರ ಹೆಂಗಸು ಇದನ್ನು ಸೇವಿಸಬಹುದೇ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರವನ್ನು ಹುಡುಕುವ ಮುನ್ನ ಈ ಔಷಧವು ನಡೆದು ಬಂದ ದಾರಿಯನ್ನೂ, ಇದೇ ವಯಸ್ಸಿನ ಸ್ತ್ರೀಯರಿಗೆ ಹಿಂದೊಮ್ಮೆ ಇಂಥದೇ ಭರವಸೆಯೊಡನೆ ಕೊಡಲ್ಪಟ್ಟ ಇನ್ನೊಂದು ಔಷಧದ ಕಥೆಯನ್ನೂ ಅರಿಯುವುದು ಅವಶ್ಯಕ.

ಮೆಟ್‌ಫಾರ್ಮಿನ್ನಿನ ಮೂಲವು ಒಂದು ಕಳೆಗಿಡ. ಯೂರೋಪಿನ ದಕ್ಷಿಣ ಮತ್ತು ಪೂರ್ವ ಭಾಗಗಳ ತೇವದ ಹೊಲಬದುಗಳಲ್ಲಿ, ನಮ್ಮ ಅವರೆ ಹುರುಳಿಗಳ ಕುಲಕ್ಕೆ ಸೇರಿದ, ತಿಳಿನೇರಿಳೆ ಬಣ್ಣದ ಹೂಗೊಂಚಲುಗಳುಳ್ಳ ಗೆಲೇಗ ಎಂಬ ಗಿಡವು ಬೆಳೆಯುತ್ತದೆ. ಗ್ರೀಕ್ ಭಾಷೆಯಲ್ಲಿ ಹಾಲಿಗೆ ಇರುವ ಹೆಸರಿನಿಂದ ಈ ಹೆಸರು ಬಂದಿತು. ಹಾಲೂಡುವ ಪ್ರಾಣಿಗಳಿಗೆ ಹಾಲು ಹೆಚ್ಚುವುದೆಂದು ಅಲ್ಲಿಯ ಜನರು ನಂಬಿದ್ದರು. ಮಧ್ಯಯುಗದಿಂದಲೂ ಮೂಲಿಕಾವೈದ್ಯರು ಇದನ್ನು ಜ್ವರಕ್ಕೂ, ವಿಷಕ್ಕೂ, ಜಂತುಗಳಿಗೂ ಕೊಡುತ್ತಿದ್ದರು. ಅತಿ ಬಾಯಾರಿಕೆ, ಅತಿ ಮೂತ್ರ ಎಂಬ ಲಕ್ಷಣಗಳುಳ್ಳ ರೋಗಕ್ಕೂ ಇದು ಹಿತವೆಂಬ ಮಾತು ಅವರ ಗ್ರಂಥಗಳಲ್ಲಿ ಸೇರಿತ್ತು. ಮೂತ್ರಕ್ಕೆ ಇರುವೆ ಮುತ್ತುವುದನ್ನು ನೋಡಿ ಮಧುಮೇಹವನ್ನು ಗುರುತಿಸಿದ್ದ ಭಾರತದ ವೈದ್ಯರಿಗೆ ಈ ಗಿಡದ ಪರಿಚಯವಿರಲಿಲ್ಲ. ಯೂರೋಪಿನ ಮೂಲಿಕಾವೈದ್ಯರಿಗೆ ಗಿಡವು ತಿಳಿದಿದ್ದರೂ ರೋಗದ ನಿಜವು ತಿಳಿದಿರಲಿಲ್ಲ. 1891ರಲ್ಲಿ ಅಮೆರಿಕದ ಯೂಟಾ ಸೀಮೆಗೆ ದನದ ಮೇವಿಗೆಂದು ಇದನ್ನು ತಂದು ಬಿತ್ತಿದರು. ದನಕರುಗಳಿಗೆ ಅದು ರುಚಿಸಲೂ ಇಲ್ಲ, ಒಗ್ಗಲೂ ಇಲ್ಲ. ಗಿಡವು ಮಾತ್ರ ಹೊಲದಿಂದ ಕಾಲುವೆಗೆ, ಕಾಲುವೆಯಿಂದ ಊರೂರಿಗೆ ಹಬ್ಬಿ ಇಂದಿಗೂ ನಿರ್ಮೂಲ ಮಾಡಬೇಕಾದ ವಿಷದ ಕಳೆಗಳ ಪಟ್ಟಿಯಲ್ಲಿದೆ.

ಗಿಡದಿಂದ ಗುಳಿಗೆಯವರೆಗಿನ ದಾರಿಯು ನೇರವಾಗಿರಲಿಲ್ಲ. 1918ರಲ್ಲಿ ವಟನಬೆ ಎಂಬ ಜಪಾನೀ ಪಂಡಿತರು ಕತ್ತಿನ ಸಣ್ಣ ಗ್ರಂಥಿಗಳ ರೋಗವೊಂದನ್ನು ಕುರಿತು ಶೋಧನೆ ಮಾಡುತ್ತಿದ್ದಾಗ, ಗ್ವಾನಿಡೀನ್ ಎಂಬ ದ್ರವ್ಯವನ್ನು ಮೊಲಗಳ ಮೈಗೆ ಸೇರಿಸಿದರೆ ಅವುಗಳ ರಕ್ತದ ಸಕ್ಕರೆಯು ಇಳಿಯುವುದನ್ನು ಕಂಡರು. ಗೆಲೇಗದಲ್ಲಿಯೂ ಇದೇ ಬಳಗದ ದ್ರವ್ಯವಿತ್ತು. ಫ್ರಾನ್ಸಿನಲ್ಲಿ 1914ರ ಸುಮಾರಿಗೇ ಅದನ್ನು ಬೇರ್ಪಡಿಸಿ ಗೆಲೇಗೀನ್ ಎಂದು ಹೆಸರಿಟ್ಟಿದ್ದರು. 1922ರಲ್ಲಿ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನಲ್ಲಿ ಎಮಿಲ್ ವರ್ನರ್ ಮತ್ತು ಜೇಮ್ಸ್ ಬೆಲ್ ಎಂಬ ರಸಾಯನಶಾಸ್ತ್ರಜ್ಞರು ಗ್ವಾನಿಡೀನಿನ ಎರಡು ಅಣುಗಳನ್ನು ಜೋಡಿಸಿದಂತಿರುವ ಹೊಸ ದ್ರವ್ಯವೊಂದನ್ನು ಸಿದ್ಧಪಡಿಸಿದರು. ಇದೇ ಮುಂದೆ ಮೆಟ್‌ಫಾರ್ಮಿನ್ ಎನ್ನಿಸಿಕೊಂಡಿತು. ಅವರಿಗೆ ಮಧುಮೇಹದ ಯೋಚನೆಯೇ ಇರಲಿಲ್ಲ. ರಸಾಯನಶಾಸ್ತ್ರದ ಕುತೂಹಲವಷ್ಟೇ ಇದ್ದಿತು. ಏಳು ವರ್ಷಗಳ ತರುವಾಯ, 1929ರಲ್ಲಿ, ಜರ್ಮನಿಯ ಸ್ಲೊಟ್ಟ ಮತ್ತು ಟ್ಶೆಶೆ ಎಂಬವರು ಇದನ್ನು ಮೊಲಗಳಿಗೆ ಕೊಟ್ಟು, ಸಕ್ಕರೆಯನ್ನು ಇಳಿಸುವುದರಲ್ಲಿ ಇದು ಸಮರ್ಥವೆಂದೂ, ತನ್ನ ಬಳಗದ ಇತರ ದ್ರವ್ಯಗಳಷ್ಟು ವಿಷವಲ್ಲವೆಂದೂ ಬರೆದರು.

ಆದರೆ ಆ ಬರಹವನ್ನು ಕೇಳುವವರಿರಲಿಲ್ಲ. ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರ ಪ್ರಯತ್ನದಿಂದ ಇನ್ಸುಲಿನ್ ದೊರಕಿ, 1922ರ ಜನವರಿಯಲ್ಲಿ ಸಾಯುವ ಸ್ಥಿತಿಯಲ್ಲಿದ್ದ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಅದನ್ನು ಕೊಟ್ಟು ಬದುಕಿಸಿದ್ದರು. ಸತ್ತೇ ಹೋಗುತ್ತಿದ್ದ ಮಕ್ಕಳನ್ನು ಬದುಕಿಸುವ ಔಷಧವು ಕೈಗೆ ಬಂದ ಮೇಲೆ ಕಳೆಗಿಡದ ಬಂಧುವನ್ನು ಕೇಳುವವರಾರು? ಇದರ ಜೊತೆಗೆ ಇನ್ನೊಂದು ಕೆಡುಕೂ ಆಯಿತು. 1926ರಲ್ಲಿ ಸಿಂಥಾಲಿನ್ ಎಂಬ, ಗ್ವಾನಿಡೀನ್ ಬಳಗಕ್ಕೇ ಸೇರಿದ ಔಷಧವನ್ನು ಜರ್ಮನಿಯಲ್ಲಿ ರೋಗಿಗಳಿಗೆ ಕೊಡತೊಡಗಿದರು. ಅದು ಸಕ್ಕರೆಯನ್ನೇನೋ ಇಳಿಸಿತು. ಆದರೆ ರೋಗಿಗಳ ಯಕೃತ್ತನ್ನೂ ಹಾಳುಮಾಡಿತು. ಆ ಹೆಸರು ಕೆಟ್ಟುದರಿಂದ ಬಳಗದ ಎಲ್ಲ ದ್ರವ್ಯಗಳೂ ಸಂದೇಹಕ್ಕೆ ಗುರಿಯಾದುವು. ನಿರಪರಾಧಿಯಾದ ಮೆಟ್‌ಫಾರ್ಮಿನ್ ಹೀಗೆ ಸುಮಾರು ಇಪ್ಪತ್ತು ವರ್ಷಗಳ ಕಾಲ ಗ್ರಂಥಗಳ ಒಳಗೆ ಮಲಗಿತ್ತು.

ಅದನ್ನು ಎಬ್ಬಿಸಿದ್ದು ಮಧುಮೇಹವಲ್ಲ, ಶೀತಜ್ವರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಲೇರಿಯಕ್ಕೆ ಮದ್ದು ಹುಡುಕುತ್ತಿದ್ದ ಆಂಗ್ಲ ರಸಾಯನಶಾಸ್ತ್ರಜ್ಞರು 1945ರಲ್ಲಿ ಪಾಲುಡ್ರಿನ್ ಎಂಬ ಔಷಧವನ್ನು ಹೊರತಂದರು. ರಚನೆಯಲ್ಲಿ ಅದು ಮೆಟ್‌ಫಾರ್ಮಿನ್ನಿನ ಬಳಗಕ್ಕೆ ಸೇರಿದುದು. ಈ ಬಳಗದಲ್ಲಿ ಜ್ವರನಾಶಕ ಗುಣವಿರಬಹುದೆಂಬ ಆಸೆ ಹಲವರಲ್ಲಿ ಹುಟ್ಟಿತು. ಫಿಲಿಪೈನ್ಸ್ ದ್ವೀಪಗಳ ವೈದ್ಯರಾದ ಯುಸೇಬಿಯೊ ಗಾರ್ಸಿಯ ಎಂಬವರು ಮೆಟ್‌ಫಾರ್ಮಿನ್ನಿಗೆ ಫ್ಲುಮಮೀನ್ ಎಂದು ಹೆಸರಿಟ್ಟು ಇನ್‌ಫ್ಲುಯೆಂಜ ರೋಗಿಗಳಿಗೆ ಕೊಟ್ಟು 1950ರಲ್ಲಿ ವರದಿ ಬರೆದರು. ರಕ್ತದ ಸಕ್ಕರೆಯು ಕೆಳಮಟ್ಟಕ್ಕೆ ಇಳಿಯುವುದೆಂಬ ಮಾತನ್ನು ಅವರು ಆ ವರದಿಯಲ್ಲಿ ಸೇರಿಸಿದ್ದರು. ಈ ಮಾತು ಪ್ಯಾರಿಸ್ ನಗರದ ಜಾನ್ ಸ್ಟರ್ನ್ ಎಂಬ ವೈದ್ಯರ ಕಣ್ಣಿಗೆ ಬಿದ್ದಿತು. ಸ್ಟರ್ನರು ಯೌವನದಲ್ಲಿ, ವಿದ್ಯಾರ್ಥಿವೈದ್ಯರಾಗಿದ್ದಾಗ, ಗೆಲೇಗೀನನ್ನು ಪರೀಕ್ಷಿಸುವ ಕೆಲಸದಲ್ಲಿ ತೊಡಗಿದ್ದವರು. ಹಳೆಯ ನೆನಪು ಸಹಾಯಕ್ಕೆ ಬಂದಿತು. ಅವರು ಬಳಗದ ಹಲವು ದ್ರವ್ಯಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿ, ಮೆಟ್‌ಫಾರ್ಮಿನ್ನನ್ನು ಆರಿಸಿ, ಮಧುಮೇಹಿಗಳಿಗೆ ಕೊಟ್ಟು, 1957ರಲ್ಲಿ ಮೊರಾಕೋ ದೇಶದ ವೈದ್ಯಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಕ್ಕರೆಯನ್ನು ತಿನ್ನುವುದು ಎಂಬರ್ಥದ ಗ್ಲೂಕೊಫೇಜ್ ಎಂಬ ಹೆಸರೂ ಅವರಿಂದಲೇ ಬಂದಿತು. ಇದೇ ಪ್ರಸಂಗದಲ್ಲಿ ಹೇಳತಕ್ಕ ಇನ್ನೊಂದು ಮಾತುಂಟು: ಸಲ್ಫೊನೈಲ್‌ಯೂರಿಯ ವರ್ಗದ ಗುಣವು ತಿಳಿದುದೂ ಇಂಥ ಆಕಸ್ಮಿಕದಿಂದಲೇ. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೇ ನಗರದಲ್ಲಿ ವಿಷಮಶೀತಜ್ವರದ ರೋಗಿಗಳಿಗೆ ಕೊಟ್ಟ ಸಲ್ಫ ಔಷಧವೊಂದು ಅವರ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಿದುದೇ ಅದರ ಜನ್ಮಕಾರಣ. 2025ರ ಲೇಖನದಲ್ಲಿ ಎದುರೆದುರು ನಿಂತ ಎರಡು ಔಷಧಗಳೂ ಜ್ವರದ ಮನೆಯಲ್ಲಿ ಕಣ್ತೆರೆದ ಕೂಸುಗಳು.

ಸ್ಟರ್ನರ ಶೋಧನೆಯ ತರುವಾಯವೂ ಮೆಟ್‌ಫಾರ್ಮಿನ್ನಿಗೆ ಸುಗಮವಾದ ದಾರಿಯಿರಲಿಲ್ಲ. ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಫೆನ್‌ಫಾರ್ಮಿನ್ ಎಂಬ ಅದರ ದಾಯಾದಿಯು ಪ್ರಚಾರಕ್ಕೆ ಬಂದಿತು. ಅದು ಹೆಚ್ಚು ಪ್ರಬಲವಾದುದು, ಅಂತೆಯೇ ಹೆಚ್ಚು ಅಪಾಯಕರವಾದುದು. ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲವು ತುಂಬಿಕೊಂಡು ರೋಗಿಗಳು ಮರಣ ಹೊಂದಿದ ಪ್ರಸಂಗಗಳು ಹೆಚ್ಚಿದುದರಿಂದ 1977ರಲ್ಲಿ ಅಮೆರಿಕದ ಸರ್ಕಾರವು ಅದನ್ನು ನಿಲ್ಲಿಸಿತು. ಭಾರತದಲ್ಲಿ ಅದರ ನಿಷೇಧವು 2003ರವರೆಗೂ ಕಾದಿತ್ತು. ಈ ಕಳಂಕವು ಮೆಟ್‌ಫಾರ್ಮಿನ್ನಿಗೂ ತಾಗಿತು. ಯೂರೋಪಿನಲ್ಲಿ ಅದು ಬಳಕೆಯಲ್ಲಿದ್ದರೂ ಅಮೆರಿಕದಲ್ಲಿ ಅನುಮತಿ ದೊರೆತುದು 1994ರ ಡಿಸೆಂಬರಿನಲ್ಲಿ. ಕೊನೆಗೆ ಅದರ ಕೀರ್ತಿಯನ್ನು ಸ್ಥಾಪಿಸಿದ್ದು ಇಂಗ್ಲೆಂಡಿನಲ್ಲಿ 1977ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷ ನಡೆದ ದೊಡ್ಡ ಪ್ರಯೋಗ. ಅದರಲ್ಲಿ ಸ್ಥೂಲಕಾಯರಾದ ರೋಗಿಗಳನ್ನು ಚೀಟಿ ಎತ್ತಿದಂತೆ ಬೇರೆ ಬೇರೆ ಚಿಕಿತ್ಸೆಗಳಿಗೆ ಹಂಚಿದ್ದರು. ಮೆಟ್‌ಫಾರ್ಮಿನ್ ಪಾಲಿಗೆ ಬಂದ 342 ಮಂದಿಯಲ್ಲಿ, ಪಥ್ಯವನ್ನೇ ಮುಖ್ಯವಾಗಿ ನಂಬಿದವರಿಗಿಂತ, ಯಾವುದೇ ಕಾರಣದ ಮರಣವು ನೂರಕ್ಕೆ 36ರಷ್ಟು ಕಡಮೆಯಾಗಿದ್ದಿತೆಂದು 1998ರಲ್ಲಿ ಪ್ರಕಟವಾಯಿತು. ಇಂದು ಜಗತ್ತಿನ ಬಹುಭಾಗದಲ್ಲಿ ಮಧುಮೇಹಕ್ಕೆ ಕೊಡುವ ಮೊದಲ ಗುಳಿಗೆಗಳಲ್ಲಿ ಇದು ಪ್ರಧಾನವಾದುದು. ಇದು ಮುಖ್ಯವಾಗಿ ಯಕೃತ್ತು ಹೊಸದಾಗಿ ಸಕ್ಕರೆಯನ್ನು ಸೃಷ್ಟಿಸಿ ರಕ್ತಕ್ಕೆ ಬಿಡುವುದನ್ನು ತಡೆಯುತ್ತದೆ. ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ತೆಗೆಯುವುದಿಲ್ಲವಾದ್ದರಿಂದ ಇದೊಂದನ್ನೇ ಸೇವಿಸುವವರಲ್ಲಿ ಸಕ್ಕರೆಯು ಮಿತಿಮೀರಿ ಇಳಿಯುವ ಭಯವು ಅಲ್ಪ.

ಮಧುಮೇಹದ ಈ ಮದ್ದಿಗೂ ಮುಪ್ಪಿಗೂ ಸಂಬಂಧವನ್ನು ಕಲ್ಪಿಸಿದವರಲ್ಲಿ ಮೊದಲಿಗರು ಲೆನಿನ್‌ಗ್ರಾಡ್ ನಗರದ ಪೆಟ್ರೋವ್ ಅರ್ಬುದಶಾಸ್ತ್ರ ಸಂಸ್ಥೆಯ ವ್ಲಾದಿಮಿರ್ ದಿಲ್ಮನ್ ಎಂಬ ವೈದ್ಯರು. ಅವರ ಸಿದ್ಧಾಂತದಲ್ಲಿ ಸ್ತ್ರೀಯರ ಮುಟ್ಟು ನಿಲ್ಲುವಿಕೆಗೆ ಮುಖ್ಯವಾದ ಸ್ಥಾನವಿತ್ತೆಂಬುದು ಇಂದು ಹೆಚ್ಚು ಜನರಿಗೆ ತಿಳಿಯದು. ಮೆದುಳಿನ ತಳದಲ್ಲಿರುವ ಹೈಪೊಥಲಮಸ್ ಎಂಬ ಭಾಗವು ದೇಹದ ಗ್ರಂಥಿಗಳನ್ನೆಲ್ಲ ಆಳುತ್ತದೆ; ಗ್ರಂಥಿಗಳ ರಸವು ರಕ್ತದಲ್ಲಿ ಸಾಕಷ್ಟು ಸೇರಿದೊಡನೆ ಅದನ್ನು ಅರಿತು ಸುಮ್ಮನಾಗುತ್ತದೆ. ವಯಸ್ಸಾದಂತೆ ಈ ಅರಿವು ಮಂದವಾಗುವುದೆಂದೂ, ಮೊದಲು ಸಾಕೆನ್ನಿಸುತ್ತಿದ್ದುದು ಆಮೇಲೆ ಸಾಲದೆನ್ನಿಸುವುದೆಂದೂ, ಮುಟ್ಟು ನಿಲ್ಲುವುದು, ಕೊಬ್ಬು ಸೇರುವುದು, ಸಕ್ಕರೆ ಏರುವುದು, ರಕ್ತದೊತ್ತಡ ಹೆಚ್ಚುವುದು ಇವೆಲ್ಲವೂ ಈ ಒಂದೇ ಮಾಂದ್ಯದ ಬೇರೆ ಬೇರೆ ಮುಖಗಳೆಂದೂ ದಿಲ್ಮನ್ 1971ರಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಹಾಗಾದರೆ ಸಕ್ಕರೆಯ ಮದ್ದಿನಿಂದ ಮುಪ್ಪನ್ನೇ ತಡೆಯಬಾರದೇಕೆ? ಅವರೂ ಅವರ ಶಿಷ್ಯರಾದ ಅನಿಸಿಮೊವ್ ಎಂಬವರೂ ಇಲಿಗಳಿಗೆ ಫೆನ್‌ಫಾರ್ಮಿನ್ ಕೊಟ್ಟು, ಅವುಗಳ ಆಯುಸ್ಸು ಹೆಚ್ಚಿತೆಂದೂ ಗೆಡ್ಡೆಗಳು ಕಡಮೆಯಾದುವೆಂದೂ 1980ರಲ್ಲಿ ಬರೆದರು. ಸಿದ್ಧಾಂತದ ಎಲ್ಲ ಅಂಗಗಳನ್ನೂ ಇಂದಿನ ಶಾಸ್ತ್ರವು ಒಪ್ಪಿಕೊಂಡಿಲ್ಲ. ಆದರೆ ಪ್ರಶ್ನೆಯನ್ನು ಕೇಳಿದ ಕೀರ್ತಿಯು ಅವರಿಗೆ ಸಲ್ಲತಕ್ಕುದು.

ಅನಿಸಿಮೊವ್ ಅವರ ಮುಂದಿನ ಪ್ರಯೋಗಗಳು ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರವಾದುವು. 2008ರಲ್ಲಿ ಅವರು ಹೆಣ್ಣು ಇಲಿಗಳಿಗೆ ಎಳೆಯ ಪ್ರಾಯದಿಂದಲೇ ಮೆಟ್‌ಫಾರ್ಮಿನ್ ಕುಡಿಸಿದಾಗ ಸರಾಸರಿ ಆಯುಸ್ಸು ನೂರಕ್ಕೆ 38ರಷ್ಟು ಬೆಳೆಯಿತು. ಈ ಅಂಕಿಯನ್ನು ಅನೇಕರು ಉದಾಹರಿಸುತ್ತಾರೆ. ಅವರೇ 2011ರಲ್ಲಿ ಪ್ರಕಟಿಸಿದ ಎರಡನೆಯ ಪ್ರಯೋಗವನ್ನು ಉದಾಹರಿಸುವವರು ಕಡಮೆ. ಆಗ ಔಷಧವನ್ನು ಮೂರು ವಯಸ್ಸುಗಳಲ್ಲಿ ಆರಂಭಿಸಿದರು. ಮೂರನೆಯ ತಿಂಗಳಲ್ಲಿ ಆರಂಭಿಸಿದ ಹೆಣ್ಣು ಇಲಿಗಳ ಸರಾಸರಿ ಆಯುಸ್ಸು ನೂರಕ್ಕೆ 14ರಷ್ಟು ಹೆಚ್ಚಿತು. ಒಂಬತ್ತನೆಯ ತಿಂಗಳಲ್ಲಿ ಆರಂಭಿಸಿದವುಗಳದು 6ರಷ್ಟು. ಹದಿನೈದನೆಯ ತಿಂಗಳಲ್ಲಿ, ಎಂದರೆ ಇಲಿಯು ಮುಪ್ಪಿನ ಕಡೆಗೆ ತಿರುಗಿದ ಮೇಲೆ, ಆರಂಭಿಸಿದವುಗಳಿಗೆ ಲಾಭವೇ ಕಾಣಲಿಲ್ಲ. ಅಮೆರಿಕದಲ್ಲಿ 2013ರಲ್ಲಿ ಗಂಡು ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಆಯುಸ್ಸು ನೂರಕ್ಕೆ ಐದಾರರಷ್ಟು ಹೆಚ್ಚಿತು. ಹತ್ತು ಪಾಲು ಹೆಚ್ಚು ಔಷಧವನ್ನು ಕೊಟ್ಟಾಗ ಅದೇ ಔಷಧವು ಅವುಗಳ ಆಯುಸ್ಸನ್ನು ಕುಗ್ಗಿಸಿತು. ಮೂರು ಪ್ರಯೋಗಶಾಲೆಗಳು ಸೇರಿ ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮೆಟ್‌ಫಾರ್ಮಿನ್ ಒಂದರಿಂದಲೇ ಆಯುಸ್ಸು ಖಚಿತವಾಗಿ ಬೆಳೆದುದು ಕಂಡುಬರಲಿಲ್ಲ. 2024ರಲ್ಲಿ ಚೀನ ದೇಶದಲ್ಲಿ ಕೋತಿಗಳಿಗೆ ನಲವತ್ತು ತಿಂಗಳು ಇದನ್ನು ಕೊಟ್ಟು, ಮೆದುಳಿನ ಮತ್ತು ಇತರ ಅಂಗಗಳ ಮುಪ್ಪು ನಿಧಾನವಾದ ಚಿಹ್ನೆಗಳನ್ನು ಕಂಡರು. ಆ ಕೋತಿಗಳೆಲ್ಲವೂ ಗಂಡು. ಮುಟ್ಟು ನಿಂತ ಸ್ತ್ರೀಯ ದೇಹಕ್ಕೆ ಅವುಗಳಿಂದ ದೊರೆಯುವ ಸಾಕ್ಷ್ಯವೆಷ್ಟು ಎಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ಆ ದೇಹದ ವಿಷಯ. ಹನ್ನೆರಡನೆಯ ವರ್ಷದಲ್ಲಿ ಆರಂಭವಾದ ರಜಸ್ಸು ಐವತ್ತರಲ್ಲಿ ಕ್ಷಯಿಸುವುದೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಇಂದಿನ ಭಾರತದ ಸ್ತ್ರೀಯರಲ್ಲಿ ಈ ವಯಸ್ಸು ಸರಾಸರಿ 46–47; ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರು. ಅಂಡಾಶಯಗಳಿಂದ ಬರುತ್ತಿದ್ದ ಈಸ್ಟ್ರೋಜನ್ ಎಂಬ ರಸವು ಬತ್ತಿದಾಗ ಮೈಬಿಸಿ, ಬೆವರು, ನಿದ್ರೆಗೇಡು ಇವು ಹೊರಗೆ ಕಾಣುತ್ತವೆ. ಒಳಗೆ ಆಗುವುದು ಇನ್ನೂ ಹೆಚ್ಚು. ಮೂಳೆಗಳು ಮೊದಲಿಗಿಂತ ವೇಗವಾಗಿ ಸವೆಯತೊಡಗುತ್ತವೆ. ಸೊಂಟ ತೊಡೆಗಳಲ್ಲಿ ನಿಲ್ಲುತ್ತಿದ್ದ ಕೊಬ್ಬು ಹೊಟ್ಟೆಯ ಒಳಗಡೆಗೆ ಸರಿಯುತ್ತದೆ. ಇನ್ಸುಲಿನ್ನಿನ ಮಾತನ್ನು ಮಾಂಸಖಂಡಗಳು ಮೊದಲಿನಂತೆ ಕೇಳುವುದಿಲ್ಲ. ಹೃದ್ರೋಗದಿಂದ ಇಷ್ಟು ದಿನ ಇದ್ದ ಒಂದು ಬಗೆಯ ರಕ್ಷಣೆಯೂ ಕುಗ್ಗುತ್ತದೆ. ಕುಗ್ಗಿದ ರಸವನ್ನು ಹೊರಗಿನಿಂದ ತುಂಬಿದರೆ ಇವೆಲ್ಲವೂ ನಿಲ್ಲುವುವೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ.

ಹಾಗೆ ತುಂಬಿಯೂ ನೋಡಿದರು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಗುಳಿಗೆಯು 1942ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಿತು. ಮೊದಲು ಮೈಬಿಸಿಯ ಶಮನಕ್ಕೆ ಕೊಡುತ್ತಿದ್ದರು. 1966ರಲ್ಲಿ ನ್ಯೂಯಾರ್ಕಿನ ವೈದ್ಯರಾದ ರಾಬರ್ಟ್ ವಿಲ್ಸನ್ ಎಂಬವರು ಒಂದು ಪುಸ್ತಕವನ್ನು ಬರೆದು, ಮುಟ್ಟು ನಿಲ್ಲುವುದು ಸ್ವಭಾವವಲ್ಲ, ಅದೊಂದು ಕೊರತೆಯ ರೋಗವೆಂದೂ, ಗುಳಿಗೆಯನ್ನು ಸೇವಿಸಿದವಳು ಎಂದೆಂದಿಗೂ ತರುಣಿಯಾಗಿರಬಹುದೆಂದೂ ಸಾರಿದರು. ಹಾರ್ಮೋನುಗಳನ್ನು ತಯಾರಿಸುವವರ ಹಣವು ಅವರಿಗೆ ಸಲ್ಲುತ್ತಿದ್ದಿತೆಂಬುದು ಆಮೇಲೆ ತಿಳಿದುಬಂದಿತು. ಪುಸ್ತಕವು ಲಕ್ಷಗಟ್ಟಲೆ ಮಾರಾಟವಾಯಿತು. 1975ರಲ್ಲಿ ಈಸ್ಟ್ರೋಜನ್ ಸೇವಿಸುವವರಲ್ಲಿ ಗರ್ಭಕೋಶದ ಒಳಪೊರೆಯ ಅರ್ಬುದವು ಹೆಚ್ಚೆಂದು ಕಂಡುಬಂದಿತು; ಅದರ ಪರಿಹಾರಕ್ಕೆ ಪ್ರೊಜೆಸ್ಟಿನ್ ಎಂಬ ಎರಡನೆಯ ರಸವನ್ನು ಜೊತೆಗೆ ಸೇರಿಸಿದರು. ಅನಂತರ ಅಮೆರಿಕದ ದಾದಿಯರನ್ನು ಬಹುಕಾಲ ಹಿಂಬಾಲಿಸಿದ ಪ್ರಸಿದ್ಧ ಅವಲೋಕನವೊಂದು 1985ರಲ್ಲಿಯೂ 1991ರಲ್ಲಿಯೂ ಸಂತೋಷದ ವಾರ್ತೆಯನ್ನು ಕೊಟ್ಟಿತು. ಈಸ್ಟ್ರೋಜನ್ ಸೇವಿಸುವ ದಾದಿಯರಲ್ಲಿ ಹೃದ್ರೋಗವು ಸೇವಿಸದವರಿಗಿಂತ ಸುಮಾರು ಅರ್ಧ ಮಾತ್ರ! ಅವಲೋಕಿಸಿದವರು ಪ್ರಾಮಾಣಿಕರು; ಲೆಕ್ಕದಲ್ಲಿಯೂ ತಪ್ಪಿರಲಿಲ್ಲ. ಐವತ್ತು ದಾಟಿದ ಆರೋಗ್ಯವಂತ ಸ್ತ್ರೀಯರಿಗೂ ಹೃದಯದ ರಕ್ಷಣೆಗೆಂದು ವೈದ್ಯರು ಇದನ್ನು ಬರೆದುಕೊಡತೊಡಗಿದರು.

ಒಂದು ಸಂದೇಹವು ಮಾತ್ರ ಉಳಿದಿತ್ತು. ಗುಳಿಗೆಯನ್ನು ಸೇವಿಸುವ ಸ್ತ್ರೀಯು ಸಾಮಾನ್ಯವಾಗಿ ಅನುಕೂಲಸ್ಥಳು, ಓದುಬರಹ ಬಲ್ಲವಳು, ವೈದ್ಯರನ್ನು ತಪ್ಪದೆ ಕಾಣುವವಳು, ಆಹಾರ ವ್ಯಾಯಾಮಗಳಲ್ಲಿ ಎಚ್ಚರವುಳ್ಳವಳು. ಅವಳ ಹೃದಯವು ಚೆನ್ನಾಗಿರುವುದು ಗುಳಿಗೆಯಿಂದಲೋ, ಅವಳ ಬಾಳಿನ ರೀತಿಯಿಂದಲೋ? ಇದನ್ನು ತೀರ್ಮಾನಿಸಲು ಚೀಟಿ ಎತ್ತಿ ಕೆಲವರಿಗೆ ನಿಜವಾದ ಗುಳಿಗೆಯನ್ನೂ ಕೆಲವರಿಗೆ ಅದರಂತೆಯೇ ಕಾಣುವ ಹುಸಿ ಗುಳಿಗೆಯನ್ನೂ ಕೊಡುವುದಲ್ಲದೆ ಬೇರೆ ದಾರಿಯಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಮೊದಲ ಮಹಿಳಾ ನಿರ್ದೇಶಕರಾದ ಬರ್ನಡೀನ್ ಹೀಲಿಯವರು 1991ರಲ್ಲಿ ಮಹಿಳಾ ಆರೋಗ್ಯೋಪಕ್ರಮ ಎಂಬ ಮಹಾಪರೀಕ್ಷೆಯನ್ನು ಆರಂಭಿಸಿದರು. ಅದುವರೆಗಿನ ದೊಡ್ಡ ಹೃದ್ರೋಗ ಪ್ರಯೋಗಗಳು ಬಹುಮಟ್ಟಿಗೆ ಪುರುಷರನ್ನೇ ಕುರಿತಾಗಿದ್ದುವು. 1993ರಿಂದ 1998ರವರೆಗೆ, 50ರಿಂದ 79 ವರ್ಷದ, ಮುಟ್ಟು ನಿಂತ 1,61,808 ಮಂದಿ ಸ್ತ್ರೀಯರು ತಾವಾಗಿ ಮುಂದೆ ಬಂದು ಹೆಸರನ್ನು ಕೊಟ್ಟರು. ಅವರಲ್ಲಿ 16,608 ಮಂದಿ ಎರಡು ರಸಗಳ ಸಂಯುಕ್ತ ಗುಳಿಗೆಯ ಪ್ರಯೋಗಕ್ಕೆ ಒಪ್ಪಿದರು. ತಮಗೆ ಸಿಕ್ಕಿರುವುದು ನಿಜವೋ ಹುಸಿಯೋ ಎಂದು ತಿಳಿಯದೆ ಅವರು ವರ್ಷಗಳ ಕಾಲ ದಿನವೂ ಅದನ್ನು ನುಂಗಿದರು.

2002ರ ಜುಲೈ ತಿಂಗಳಿನಲ್ಲಿ, ಸರಾಸರಿ 5.2 ವರ್ಷಗಳಾಗಿರಲು, ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಹತ್ತು ಸಾವಿರ ಸ್ತ್ರೀಯರು ಒಂದು ವರ್ಷ ಸೇವಿಸಿದರೆ ಹೃದಯದ ಆಘಾತಗಳು ಏಳು ಹೆಚ್ಚು, ಮೆದುಳಿನ ಆಘಾತಗಳು ಎಂಟು ಹೆಚ್ಚು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಎಂಟು ಹೆಚ್ಚು, ಸ್ತನದ ಅರ್ಬುದ ಎಂಟು ಹೆಚ್ಚು ಎಂದು ಲೆಕ್ಕಕ್ಕೆ ಬಂದಿತು. ದೊಡ್ಡ ಕರುಳಿನ ಅರ್ಬುದವು ಆರರಷ್ಟೂ ತುಂಟಿಮೂಳೆ ಮುರಿಯುವುದು ಐದರಷ್ಟೂ ಕಡಮೆಯಾಗಿದ್ದುವು. ಒಬ್ಬೊಬ್ಬ ಸ್ತ್ರೀಗೆ ಈ ಅಪಾಯವು ಸಣ್ಣದೇ. ಆದರೆ ಹೃದಯವನ್ನು ಕಾಯುವುದೆಂದು ಕೊಟ್ಟ ಗುಳಿಗೆಯು ಹೃದಯವನ್ನು ಕಾಯಲಿಲ್ಲವೆಂಬುದು ಸ್ಪಷ್ಟವಾಯಿತು. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಸ್ತ್ರೀಯರ ಸರಾಸರಿ ವಯಸ್ಸು 63. ಮುಟ್ಟು ನಿಂತ ಹತ್ತು ವರ್ಷಗಳೊಳಗಿನ ಕಿರಿಯರಲ್ಲಿ ಅಪಾಯವು ಇಷ್ಟಿಲ್ಲವೆಂದು ಅನಂತರದ ಪರಿಶೀಲನೆಯಲ್ಲಿ ತೋರಿತು. ತೀವ್ರವಾದ ಮೈಬಿಸಿಯಿಂದ ಬಳಲುವವರಿಗೆ ಆ ಚಿಕಿತ್ಸೆಯು ಇಂದಿಗೂ ಉಪಯುಕ್ತವೇ. 2002ರ ವಾರ್ತೆಗೆ ಹೆದರಿ ಅದನ್ನು ಪೂರ್ತಿಯಾಗಿ ತೊರೆದ ಅನೇಕರು ಅನವಶ್ಯಕವಾಗಿ ಕಷ್ಟಪಟ್ಟರೆಂಬುದೂ ನಿಜ.

2025ರ ಮೆಟ್‌ಫಾರ್ಮಿನ್ ಲೇಖನದ 438 ಮಂದಿಯೂ ಇದೇ ಮಹಾಪರೀಕ್ಷೆಗೆ ಹೆಸರು ಕೊಟ್ಟವರೊಳಗಿನವರೇ. ಆದರೆ ಇಲ್ಲಿ ಯಾರೂ ಚೀಟಿ ಎತ್ತಲಿಲ್ಲ. ಯಾರಿಗೆ ಯಾವ ಗುಳಿಗೆಯೆಂಬುದನ್ನು ಅವರವರ ವೈದ್ಯರೇ ನಿರ್ಧರಿಸಿದ್ದರು. ಪಂಡಿತರು ಬಹಳ ಎಚ್ಚರದಿಂದ ವಯಸ್ಸು, ರೋಗ, ಅಭ್ಯಾಸ ಮೊದಲಾದುವುಗಳಲ್ಲಿ ಸರಿದೂಗುವವರನ್ನು ಆಯ್ದು, ಪ್ರಯೋಗವೊಂದು ನಡೆದಿದ್ದರೆ ಹೇಗಿರುತ್ತಿತ್ತೋ ಹಾಗೆ ಲೆಕ್ಕವನ್ನು ಅಳವಡಿಸಿದರು. ಹಿಂದಿನ ದಾದಿಯರ ಅವಲೋಕನಕ್ಕಿಂತ ಇದು ಸೂಕ್ಷ್ಮವಾದ ಕ್ರಮವೆಂಬುದನ್ನು ಒಪ್ಪಲೇಬೇಕು. ಆದರೂ ಮೂತ್ರಪಿಂಡ ದುರ್ಬಲವಾದವರಿಗೆ ಮೆಟ್‌ಫಾರ್ಮಿನ್ ಕೊಡಲು ಆ ಕಾಲದ ವೈದ್ಯರು ಹಿಂಜರಿಯುತ್ತಿದ್ದರೆಂಬುದನ್ನು ನೆನೆದರೆ, ಸ್ವಲ್ಪ ಗಟ್ಟಿಮುಟ್ಟಾದವರೇ ಆ ಪಂಗಡಕ್ಕೆ ಸೇರಿದ್ದಿರಬಹುದೆಂಬ ಶಂಕೆಯು ಪೂರ್ತಿಯಾಗಿ ಹೋಗದು. ಅಲ್ಲದೆ ಹೋಲಿಕೆಯು ಇನ್ನೊಂದು ಔಷಧದೊಡನೆ. ಔಷಧವೇ ಇಲ್ಲದ ಸ್ಥಿತಿಯೊಡನೆ ಅಲ್ಲ. ಸಲ್ಫೊನೈಲ್‌ಯೂರಿಯಗಳು ಸಕ್ಕರೆಯನ್ನು ಅತಿಯಾಗಿ ಇಳಿಸಬಲ್ಲುವು, ತೂಕವನ್ನು ಹೆಚ್ಚಿಸಬಲ್ಲುವು. ಎರಡು ಪಂಗಡಗಳ ಅಂತರದಲ್ಲಿ ಮೆಟ್‌ಫಾರ್ಮಿನ್ನಿನ ಉಪಕಾರವೆಷ್ಟು, ಇನ್ನೊಂದರ ಅಪಕಾರವೆಷ್ಟು ಎಂಬುದನ್ನು ಆ ಲೆಕ್ಕವು ಬಿಡಿಸಿ ಹೇಳಲಾರದು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಅವರೆಲ್ಲರೂ ಮಧುಮೇಹಿಗಳು.

ಮಧುಮೇಹವಿಲ್ಲದವರಿಗೆ ಈ ಔಷಧವು ಏನು ಮಾಡುವುದೆಂಬ ಪ್ರಶ್ನೆಗೆ ದೊರೆತಿರುವ ಉತ್ತರಗಳು ಅಷ್ಟು ಉತ್ಸಾಹದಾಯಕವಲ್ಲ. ಮೆಟ್‌ಫಾರ್ಮಿನ್ ಸೇವಿಸುವ ಮಧುಮೇಹಿಗಳು ರೋಗವಿಲ್ಲದ ಸಮವಯಸ್ಕರಿಗಿಂತಲೂ ಸ್ವಲ್ಪ ಹೆಚ್ಚು ಕಾಲ ಬದುಕುವರೆಂಬ ಬ್ರಿಟನ್ನಿನ ಅವಲೋಕನವು 2014ರಲ್ಲಿ ಬಹಳ ಕೋಲಾಹಲವನ್ನುಂಟುಮಾಡಿತು. ಡೆನ್ಮಾರ್ಕಿನ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅವಲೋಕನಕ್ಕೆ ಅದು ಗೋಚರಿಸಲಿಲ್ಲ. ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಅರ್ಬುದವು ಕಡಮೆಯೆಂದು 2005ರಲ್ಲಿ ಸ್ಕಾಟ್ಲೆಂಡಿನ ಡಂಡಿ ನಗರದಿಂದ ಬಂದ ವರದಿಯು ಇದೇ ಬಗೆಯ ಆಸೆಯನ್ನು ಹುಟ್ಟಿಸಿತ್ತು. ಆ ಆಸೆಯನ್ನು ಪರೀಕ್ಷಿಸಲು ಕೆನಡ ದೇಶದವರು ಮುಂದಾಳಾಗಿ, ಸ್ತನದ ಅರ್ಬುದಕ್ಕೆ ಚಿಕಿತ್ಸೆ ಪಡೆದ, ಮಧುಮೇಹವಿಲ್ಲದ 3,649 ಮಂದಿಯ ಪ್ರಯೋಗವನ್ನು ಚೀಟಿಯ ಕ್ರಮದಲ್ಲಿಯೇ ನಡೆಸಿದರು. ಐದು ವರ್ಷ ಮೆಟ್‌ಫಾರ್ಮಿನ್ ಸೇವಿಸಿದುದರಿಂದ ರೋಗವು ಮರುಕಳಿಸುವುದು ಕಡಮೆಯಾಗಲಿಲ್ಲವೆಂದು 2022ರಲ್ಲಿ ತಿಳಿಯಿತು. ಅವಲೋಕನದಲ್ಲಿ ಹೊಳೆದುದು ಪ್ರಯೋಗದಲ್ಲಿ ನಂದಿತು. ಹೆಂಗಸರ ವಿಷಯದಲ್ಲಿ ಹೀಗಾಗುವುದು ಇದು ಎರಡನೆಯ ಬಾರಿ.

ಮಧುಮೇಹದ ಅಂಚಿನಲ್ಲಿರುವವರ ವಿಷಯದಲ್ಲಿ ದೊರೆತ ಸಾಕ್ಷ್ಯವು ಇನ್ನೂ ಬೋಧಪ್ರದವಾಗಿದೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 3,234 ಮಂದಿಯನ್ನೊಳಗೊಂಡ ಪ್ರಯೋಗವೊಂದರಲ್ಲಿ ಮೆಟ್‌ಫಾರ್ಮಿನ್ ಮಧುಮೇಹದ ಉದಯವನ್ನು ನೂರಕ್ಕೆ 31ರಷ್ಟು ತಡೆಯಿತು. ವಾರಕ್ಕೆ 150 ನಿಮಿಷಗಳ ನಡಿಗೆಯಂಥ ವ್ಯಾಯಾಮ ಮತ್ತು ಮಿತಾಹಾರಗಳು 58ರಷ್ಟು ತಡೆದುವು. ವಯಸ್ಸಿನ ಮೇರೆಗೆ ವಿಂಗಡಿಸಿದಾಗ ಅಂತರವು ಬೆರಗುಗೊಳಿಸುವಂತಿತ್ತು: ಅರುವತ್ತು ಮೀರಿದವರಲ್ಲಿ ಗುಳಿಗೆಯ ಫಲವು ಕೇವಲ 11, ನಡಿಗೆ ಮಿತಾಹಾರಗಳದು 71. ಭಾರತದವರ ಮೈಕಟ್ಟು ಬೇರೆಯೆಂಬ ಮಾತಿದ್ದುದರಿಂದ ಚೆನ್ನೈ ನಗರದಲ್ಲಿ ಡಾಕ್ಟರ್ ರಾಮಚಂದ್ರನ್ ಅವರ ನೇತೃತ್ವದಲ್ಲಿ 531 ಮಂದಿಯ ಮೇಲೆ ಪ್ರತ್ಯೇಕವಾದ ಪ್ರಯೋಗವು ನಡೆದು 2006ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳಲ್ಲಿ ಏನೂ ವಿಶೇಷ ಉಪಚಾರವಿಲ್ಲದವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹವು ಬಂದಿತು. ಜೀವನಕ್ರಮವನ್ನು ತಿದ್ದಿಕೊಂಡವರಲ್ಲಿ ಅದು 39.3; ದಿನಕ್ಕೆರಡು ಬಾರಿ 250 ಮಿಲಿಗ್ರಾಮಿನ ಸಣ್ಣ ಪ್ರಮಾಣದ ಮೆಟ್‌ಫಾರ್ಮಿನ್ ಸೇವಿಸಿದವರಲ್ಲಿ 40.5, ಎರಡನ್ನೂ ಮಾಡಿದವರಲ್ಲಿ 39.5. ನಡೆಯುವವನಿಗೆ ಗುಳಿಗೆಯಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ಇದಕ್ಕಿಂತ ವಿಚಿತ್ರವಾದ ಫಲವು ಅಮೆರಿಕದಿಂದ 2019ರಲ್ಲಿ ಪ್ರಕಟವಾಯಿತು. ಅರುವತ್ತೈದು ದಾಟಿದ, ಮಧುಮೇಹವಿಲ್ಲದ ಸ್ತ್ರೀಪುರುಷರಿಗೆ ಹದಿನಾಲ್ಕು ವಾರ ಭಾರ ಎತ್ತುವ ಸಾಧಕವನ್ನು ಮಾಡಿಸಿದಾಗ, ಹುಸಿ ಗುಳಿಗೆಯನ್ನು ಸೇವಿಸಿದವರ ಮಾಂಸಖಂಡಗಳು ಮೆಟ್‌ಫಾರ್ಮಿನ್ ಸೇವಿಸಿದವರವಕ್ಕಿಂತ ಹೆಚ್ಚು ಬೆಳೆದುವು. ಮುಟ್ಟು ನಿಂತ ಮೇಲೆ ಮೂಳೆಯೂ ಮಾಂಸವೂ ಕರಗುವ ಸ್ತ್ರೀಗೆ ಇದು ಅಲ್ಪವಾದ ವಿಷಯವಲ್ಲ.

ಕನ್ನಡ ನಾಡಿನ ಸಸ್ಯಾಹಾರಿ ಮನೆತನಗಳಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿಯೇ ಹೇಳುವುದು ಯುಕ್ತ. ಮೆಟ್‌ಫಾರ್ಮಿನ್ನನ್ನು ವರ್ಷಗಟ್ಟಲೆ ಸೇವಿಸಿದರೆ ಕರುಳು ಬಿ-12 ಎಂಬ ಜೀವಸತ್ತ್ವವನ್ನು ಹೀರಿಕೊಳ್ಳುವುದು ಕಡಮೆಯಾಗುತ್ತದೆ. ಮಾಂಸ ಮೀನು ಮೊಟ್ಟೆಗಳಿಲ್ಲದ ಊಟದಲ್ಲಿ ಆ ಸತ್ತ್ವವು ಬರುವುದು ಮುಖ್ಯವಾಗಿ ಹಾಲು ಮೊಸರುಗಳಿಂದ. ಬಡಿಸುವವಳ ಪಾಲಿಗೆ ಅವು ಎಷ್ಟು ಉಳಿಯುವುವೆಂಬುದು ಎಲ್ಲರಿಗೂ ತಿಳಿದುದೇ. ಕೊರತೆಯು ಹೆಚ್ಚಾದಾಗ ರಕ್ತಹೀನತೆ, ಕೈಕಾಲು ಜೋಮು, ಮರೆವು ತಲೆದೋರುತ್ತವೆ. ಇವೇ ಲಕ್ಷಣಗಳನ್ನು ವಯಸ್ಸಾಯಿತೆಂದು ಭಾವಿಸಿ ಸುಮ್ಮನಿರುವುದು ಸುಲಭ. ಮಧುಮೇಹದಿಂದ ನರಗಳು ಕೆಟ್ಟಾಗಲೂ ಜೋಮು ಬರುವುದರಿಂದ ವೈದ್ಯರಿಗೂ ಭ್ರಮೆಯುಂಟಾಗಬಹುದು. ಮಧುಮೇಹಕ್ಕಾಗಿ ಗುಳಿಗೆಯನ್ನು ಸೇವಿಸುತ್ತಿರುವವರು ಇದರಿಂದ ಹೆದರಿ ಅದನ್ನು ಬಿಡತಕ್ಕುದಲ್ಲ. ಬಿ-12ನ್ನೂ ಮೂತ್ರಪಿಂಡವನ್ನೂ ಕಾಲಕಾಲಕ್ಕೆ ಪರೀಕ್ಷಿಸಿಕೊಂಡರೆ ಸಾಕು. ಅವರಿಗೆ ಈ ಔಷಧದ ಉಪಕಾರವು ಸಿದ್ಧವಾದ ಮಾತು. ಮಧುಮೇಹವಿಲ್ಲದವಳು ಮುಪ್ಪನ್ನು ತಡೆಯಲೆಂದು ಅಂಗಡಿಯಿಂದ ತಂದು ನುಂಗುವುದು ಮಾತ್ರ ಇನ್ನೂ ಪರೀಕ್ಷೆಯಾಗದ ಮಾತು.

ಆ ಪರೀಕ್ಷೆಯನ್ನು ಮಾಡಬೇಕೆಂಬ ಸಂಕಲ್ಪವು ಇಲ್ಲದಿಲ್ಲ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕಾಲೇಜಿನ ನೀರ್ ಬಾರ್ಜಿಲೈ ಮತ್ತು ಅವರ ಸಂಗಡಿಗರು 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೊಡನೆ ಸಮಾಲೋಚಿಸಿ, 65ರಿಂದ 79 ವರ್ಷದ 3,000 ಮಂದಿ ಮಧುಮೇಹವಿಲ್ಲದ ಸ್ತ್ರೀಪುರುಷರಿಗೆ ಮೆಟ್‌ಫಾರ್ಮಿನ್ ಅಥವಾ ಹುಸಿ ಗುಳಿಗೆಯನ್ನು ಆರು ವರ್ಷ ಕೊಟ್ಟು, ಹೃದ್ರೋಗ, ಅರ್ಬುದ, ಮರೆವು, ಮರಣಗಳು ತಡವಾಗುವುವೇ ಎಂದು ನೋಡುವ ಯೋಜನೆಯನ್ನು ಹಾಕಿದರು. ಹತ್ತು ವರ್ಷ ಕಳೆದರೂ ಅದಕ್ಕೆ ಬೇಕಾದಷ್ಟು ಹಣವು ಕೂಡಿಬಂದಿರಲಿಲ್ಲ. ಮೆಟ್‌ಫಾರ್ಮಿನ್ ಯಾರ ಸ್ವತ್ತೂ ಅಲ್ಲ. ಅದು ಗೆದ್ದರೆ ಯಾವ ಕಂಪನಿಗೂ ಲಾಭವಿಲ್ಲ. ಬಡವರಿಗೆ ಅಗ್ಗದಲ್ಲಿ ದೊರಕುವಂತೆ ಮಾಡಿದ ಗುಣವೇ ಅದರ ಪರೀಕ್ಷೆಗೆ ಅಡ್ಡಿಯಾಗಿ ನಿಂತಿದೆ.

ಮಹಿಳಾ ಆರೋಗ್ಯೋಪಕ್ರಮಕ್ಕೂ ಹಣದ ಆತಂಕವು ತಪ್ಪಲಿಲ್ಲ. 2025ರ ಏಪ್ರಿಲ್ ತಿಂಗಳಿನಲ್ಲಿ ಅದರ ಪ್ರಾಂತ ಕೇಂದ್ರಗಳಿಗೆ ಕೊಡುತ್ತಿದ್ದ ಸಹಾಯವನ್ನು ನಿಲ್ಲಿಸುವುದಾಗಿ ಅಮೆರಿಕದ ಸರ್ಕಾರವು ತಿಳಿಸಿತು. ಪ್ರತಿಭಟನೆಯ ಧ್ವನಿ ಎದ್ದುದರಿಂದ ಕೆಲವೇ ದಿನಗಳಲ್ಲಿ ಆ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ವೇಳೆಗೆ ಮೊದಲು ಹೆಸರು ಕೊಟ್ಟವರಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿದ ಸ್ತ್ರೀಯರು ಇನ್ನೂ ತಮ್ಮ ಆರೋಗ್ಯದ ವಿವರಗಳನ್ನು ಕೊಡುತ್ತಿದ್ದರು. ಅವರಲ್ಲಿ ಅತ್ಯಂತ ಕಿರಿಯರೂ ಎಪ್ಪತ್ತೈದನ್ನು ದಾಟಿದ್ದರು, ಕೆಲವರು ನೂರನ್ನು ಮೀರಿದ್ದರು.